ಐತವಾರದ ಉಪವಾಸ

ಡೊಂಬಿವಲಿ ಪೂರ್ವ
ಸೋಮವಾರ, ೧೬-೨-೧೯೮೧

ಮನೆಯವರ ಪಾದಗಳಿಗೆ ಪಾರವ್ವ ಮಾಡುವ ಶರಣಾರ್ಥಿ.

ಇವತ್ತು ಸೋಮವಾರದ ಒಪ್ಪತ್ತು. ನಳ ಬರುವ ಮೊದಲೇ ಎದ್ದು ಎರಡೂ ಪೀಪಾಯಿ ತುಂಬಿಸಿದೆ, ಜಳಕ ಮಾಡಿ ಲಿಂಗಪೂಜೆ ಮುಗಿಸಿದೆ, ಜಯಶೀಲಳನ್ನು ಠಾಣೆಯ ರೈಲುಗಾಡಿಗೆ ಕಳಿಸಿದೆ. ಚಿಮಣಿ ಎಣ್ಣೆಯ ಪಾಳಿಯಲ್ಲಿ ನಿಂತು ಖಾಲಿ ಡಬ್ಬಿ ಹಿಡಿದೇ ತಿರುಗಿ ಬಂದೆ, ಟ್ಯಾಂಕರ್ ಬಂದಿಲ್ಲವಂತೆ. ಅಕ್ಕಿ ಆರಿಸಲು ಕೂತೆ, ಅರ್ಧಕ್ಕೇ ಎದ್ದೆ. ಗ್ಯಾಲರಿಯಲ್ಲಿ ಅರಿವೆ ಹರವಿದೆ, ಒಣಗುವ ಮೊದಲೇ ಒಳಗೆ ತಂದೆ, ಮತ್ತೆ ಹರವಿದೆ. ಕೈಗೆ ಕೆಲಸ ಹತ್ತುತ್ತಿಲ್ಲ. ನಿನ್ನೆಯೂ ಹೊಟ್ಟೆಗೆ ಏನೂ ಹಾಕಿಲ್ಲ. ಐತವಾರ ಎಂಥ ಉಪವಾಸ ಎಂದು ನೀವು ಕೇಳುವುದು ನನಗೆ ಇಲ್ಲಿಗೇ ಕೇಳಿಸುತ್ತದೆ. ಅದನ್ನು ಹೇಳಲಿಕ್ಕೇ ಕಾಗದ ಹಿಡಿದು ಕೂತಿದ್ದೇನೆ. ಆದರೆ ಮೊದಲು ನಿಮ್ಮ ಸುದ್ದಿ.

ಕೆಮ್ಮು ಹೇಗಿದೆ? ಹೊಸ ಶೆಡ್ಡಿನಲ್ಲಿ ನೂಲಿನ ಧೂಳು ಬಹಳ ಎಂದು ಹಿಂದಿನ ಪತ್ರದಲ್ಲಿ ಬರೆದಿದ್ದಿರಿ. ಮೂಗಿಗೆ ಅರಿವೆ ಕಟ್ಟಿಕೊಳ್ಳಿ ಎಂದರೆ ಹುಡುಗರು ನಗುತ್ತಾರೆ ಎನ್ನುತ್ತೀರಿ. ನಗಲಿ. ಮಲಗುವ ಮುಂದೆ ಬಿಸಿ ಹಾಲಿಗೆ ಅರಿಷಿಣ ಹಾಕಿಸಿಕೊಂಡು ಕುಡಿಯಿರಿ, ಖಾನಾವಳಿಯ ಕಾಶವ್ವನಿಗೆ ನಾನು ಹೇಳಿದೆನೆಂದು ಹೇಳಿದರೆ ಮಾಡಿಕೊಡುತ್ತಾಳೆ. ಮೊಣಕಾಲಿಗೆ ಎಣ್ಣೆ ಹಚ್ಚುತ್ತೀರೋ ಅಥವಾ ಶೀಶೆ ಹಾಗೇ ಗೂಡಿನಲ್ಲಿದೆಯೋ? ರಬಕವಿಯಲ್ಲಿ ಮಗ್ಗಗಳು ಎಲ್ಲ ಕೂತವೇ? ಶಿವರಾತ್ರಿಗಾದರೂ ಬರುತ್ತೀರೆಂದು ಓಣಿಯವರಿಗೆಲ್ಲ ಹೇಳಿದ್ದೇನೆ, ನನ್ನ ಮಾತು ಉಳಿಸಿರಿ.

ಈಗ ವಿಷಯಕ್ಕೆ ಬರುತ್ತೇನೆ. ನಿಮ್ಮ ಸಾಹುಕಾರ ಅಪ್ಪಾಸಾಹೇಬರು ತಮ್ಮ ಮಗ ಬಸವಂತನಿಗೆ ನಮ್ಮ ಜಯಶೀಲಳನ್ನು ತಂದುಕೊಳ್ಳಬೇಕೆಂದಿದ್ದಾರೆ. ಬಾಯಿ ಬಿಟ್ಟು ಕೇಳಿಲ್ಲ, ಊಟಕ್ಕೆ ಕರೆದು ಕೇಳಿದ್ದಾರೆ. ದೀಪಾವಳಿಗೆ ಭಿವಂಡಿಯ ಗೋಡೌನಿನಲ್ಲಿ ಲಕ್ಷ್ಮೀಪೂಜೆಗೆ ಹೋಗಿದ್ದೆವಲ್ಲ, ಆವತ್ತು ಇವಳು ಬಂದವರ ಸಂಗಡ ಕನ್ನಡ, ಮರಾಠಿ, ಹಿಂದಿ ಎಲ್ಲ ಮಾತಾಡುತ್ತ ಫಳಾರ ಹಂಚಿದ್ದನ್ನು ಅವರ ಮನೆಯವರು ಪುಷ್ಪಾವತಿಬಾಯಿ ನೋಡಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರಂತೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡುವ ಹುಡುಗಿ, ನಾಲ್ಕು ಜನರೊಳಗೆ ಅಂಜುವುದಿಲ್ಲ ಎಂದು. ಶುಕ್ರವಾರ ಅವರ ಡ್ರೈವರ್ ಬಂದು, ಐತವಾರ ಮುಂಬೈಯಲ್ಲಿ ಊಟ, ಕಾರು ಕಳಿಸುತ್ತೇವೆ, ಮಗಳಿಗೆ ಛಲೋ ಸೀರೆ ಉಡಿಸಿಕೊಂಡು ಬರಬೇಕಂತೆ ಎಂದು ಹೇಳಿಹೋದ. ಸೀರೆಯ ಮಾತು ಬಂದಾಗಲೇ ನನಗೆ ತಿಳಿಯಿತು.

ನಮ್ಮ ಕಡೆಯ ಪದ್ಧತಿ ನಿಮಗೆ ಹೇಳಬೇಕಾಗಿಲ್ಲ. ಹೆಣ್ಣು ನೋಡಲು ಬಂದವರಿಗೆ ಚಹಾ ಕೊಡುತ್ತೇವೆ, ಚುರುಮುರಿ ಕೊಡುತ್ತೇವೆ. ಮಾತು ಕೂಡುವ ತನಕ ಎರಡು ಮನೆಯವರು ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವುದಿಲ್ಲ. ಉಂಡು, ಮೇಲೆ ಸಿಹಿ ತಿಂದರೆಂದರೆ ಸಂಬಂಧ ಕೂಡಿತು, ಇನ್ನು ಹಿಂದೆ ಸರಿಯುವಂತಿಲ್ಲ. ಅಪ್ಪಾಸಾಹೇಬರೂ ಅಥಣಿಯ ಕಡೆಯವರು, ಅವರಿಗೂ ಇದು ಗೊತ್ತು. ನೀವು ಊರಲ್ಲಿಲ್ಲ. ನಿಮ್ಮ ಮಾತು ಇಲ್ಲದೆ ನಾನು ಉಂಡು ಬಂದರೆ ಮಗಳನ್ನು ನಾನೊಬ್ಬಳೇ ಕೊಟ್ಟಂತೆ. ಬರುವುದಿಲ್ಲ ಎಂದರೆ ನೀವು ಅವರ ಕೈಕೆಳಗೆ ಇರುವವರು. ಶನಿವಾರ ಎಲ್ಲ ಯೋಚಿಸಿ, ಐತವಾರ ಮುಂಜಾನೆ ಲಿಂಗಪೂಜೆ ಮಾಡುವಾಗ ಹರಕೆ ಹೊತ್ತೆ. ನೀವು ರಬಕವಿಯಿಂದ ತಿರುಗಿ ಬರುವ ತನಕ ಐತವಾರ ಅನ್ನ, ರೊಟ್ಟಿ, ಸಿಹಿ ಯಾವುದನ್ನೂ ಮುಟ್ಟುವುದಿಲ್ಲ ಎಂದು. ಸುಳ್ಳು ಹೇಳಿ ದೇವರನ್ನು ನಡುವೆ ತರಬಾರದಲ್ಲ, ಅದಕ್ಕೆ ನಿಜವಾಗಿಯೇ ಹೊತ್ತುಕೊಂಡೆ. ಈಗ ಐತವಾರ, ಸೋಮವಾರ ಎರಡೂ ದಿನ ನನ್ನ ಪಾಲಿಗೆ ಬಂದಿವೆ. ಬೇಗ ಬರುವುದು ನಿಮ್ಮ ಕೈಯಲ್ಲಿದೆ.

ಕಾರು ಸಂಜೆಗೆ ಬಂತು. ಮುಂಬ್ರಾದ ಗುಡ್ಡ ದಾಟಿ, ಠಾಣೆ ದಾಟಿ, ಎಷ್ಟು ಹೋದರೂ ಮುಂಬೈ ಮುಗಿಯಲೇ ಇಲ್ಲ. ಸಮುದ್ರದ ದಂಡೆಗೆ ಒಂದು ದೊಡ್ಡ ಹೋಟೆಲು. ಹೋಟೆಲು ಎಂದರೆ ನಮ್ಮ ಸ್ಟೇಷನ್ನಿನ ಮುಂದಿನ ತಾರಾನಾಥರ ಹೋಟೆಲಿನಂಥದ್ದಲ್ಲ, ಮಂದಿ ಬಂದು ಇಳಿದುಕೊಳ್ಳುವ ಅರಮನೆ. ಅದರೊಳಗೆ ಇಟಲಿ ದೇಶದ ಊಟ ಹಾಕುವ ಒಂದು ಬೇರೆಯೇ ಮಾಳಿಗೆ. ಬಾಗಿಲಲ್ಲಿ ಕರಿ ಕೋಟಿನವನು ಬಗ್ಗಿ ನಮಸ್ಕಾರ ಮಾಡಿದ. ಒಳಗೆ ಕರೆಂಟು ಹೋಗಿದೆಯೆಂದೇ ನಾನು ತಿಳಿದೆ, ಪ್ರತಿ ಮೇಜಿನ ಮೇಲೆ ಒಂದು ಶೀಶೆಯ ಬಾಯಿಗೆ ಮೇಣದ ಬತ್ತಿ ಹಚ್ಚಿಟ್ಟಿದ್ದರು. ಇಷ್ಟು ಬೆಲೆಯ ಊಟವನ್ನು ಕತ್ತಲಲ್ಲಿ ಯಾಕೆ ಉಣ್ಣುತ್ತಾರೆಂದು ಜಯಶೀಲಳನ್ನು ಕೇಳಿದರೆ, ‘ಅವ್ವಾ, ಸಾವಕಾಶ’ ಎಂದು ನನ್ನ ಮೊಣಕೈ ಒತ್ತಿದಳು. ಮೇಜಿಗೆ ಹಾಸಿದ ಅರಿವೆ ಮಾತ್ರ ಅಚ್ಚ ಬಿಳಿ, ಗಂಜಿ ಹಾಕಿ ಇಸ್ತ್ರಿ ಮಾಡಿದ್ದು, ಒಂದು ಸುಕ್ಕಿಲ್ಲ. ಅದನ್ನು ಒಗೆದವರಿಗೆ ಕೈ ಮುಗಿಯಬೇಕು. ಮೂಲೆಯಲ್ಲಿ ಒಬ್ಬ ಮುದುಕ ಬಾಜಾಪೆಟ್ಟಿಯಂಥದ್ದನ್ನು ಎದೆಗೆ ಕಟ್ಟಿಕೊಂಡು ಮೆಲ್ಲಗೆ ಬಾರಿಸುತ್ತಿದ್ದ.

ಕೂತ ಮೇಲೆ ಬಡಿಸುವವನು ಬಂದು ಮಡಿಸಿಟ್ಟ ಅರಿವೆಯನ್ನು ಝಾಡಿಸಿ ನನ್ನ ಉಡಿಯಲ್ಲಿ ಹಾಸಿದ. ಪರಗಂಡಸು, ನನಗೆ ಒಮ್ಮೆಲೇ ಮುಜುಗರವಾಯಿತು. ಆಮೇಲೆ ಪುಷ್ಪಾವತಿಬಾಯಿಯ ಉಡಿಗೂ ಹಾಸಿದ್ದನ್ನು ನೋಡಿ ಸುಮ್ಮನಾದೆ. ಉಡಿ ಒಡ್ಡಿದ್ದೇನೋ ಆಯಿತು, ಅಕ್ಕಿ ಕಾಯಿ ಹಾಕುವವರು ಮಾತ್ರ ಯಾರೂ ಇರಲಿಲ್ಲ. ಈ ಕಡೆ ನಾನು, ಜಯಶೀಲ; ಎದುರಿಗೆ ಸಾಹುಕಾರರು, ಅವರ ಮನೆಯವರು; ತುದಿಗೆ ಬಸವಂತ. ಹುಡುಗ ನೋಡಲು ಲಕ್ಷಣವಾಗಿದ್ದಾನೆ, ಅಹಮದಾಬಾದಿನಲ್ಲಿ ಬಟ್ಟೆಯ ಕೋರ್ಸು ಮಾಡಿ ಬಂದವನು. ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ‘ಕಾಕು, ಆರಾಮ ಇದ್ದೀರಿ?’ ಎಂದು ಕೇಳಿದ. ಅಷ್ಟೇ, ಆಮೇಲೆ ಮಾತಿಲ್ಲ.

ಸಾಹುಕಾರರು ಉದ್ದನೆಯ ಕಾರ್ಡು ತೆಗೆದು ಎಲ್ಲರಿಗೂ ತಾವೇ ಹೇಳಿದರು. ಮಾಂಸ ಇಲ್ಲ, ಮೊಟ್ಟೆ ಇಲ್ಲ, ಒಲೆ ಬೇರೆ ಮಾಡಿಸಿದ್ದೇನೆ ಎಂದರು. ಆಗ ನಾನು ಉಪವಾಸದ ಮಾತು ತೆಗೆದೆ. ಪುಷ್ಪಾವತಿಬಾಯಿ ಕೈಯಲ್ಲಿದ್ದ ನೀರಿನ ಗ್ಲಾಸು ಕೆಳಗಿಟ್ಟರು. ‘ಐತವಾರ ಎಂಥಾ ಉಪಾಸ ಪಾರವ್ವಾ? ನಮ್ಮ ಕಡೆ ಯಾರು ಮಾಡತಾರ?’ ಎಂದರು. ‘ಹರಕಿ ಐತಿ ರೀ, ಇವರು ರಬಕವಿಯಿಂದ ಬರೂತನಕ’ ಎಂದೆ. ಸಾಹುಕಾರರು ದೊಡ್ಡ ದನಿಯಲ್ಲಿ ನಕ್ಕರು. ‘ಹಂಗಾರ ನಿನ್ನ ಗಂಡನ್ನ ಇನ್ನ ಆರ ತಿಂಗಳು ಅಲ್ಲೇ ಇಡತೀನಿ, ನೀ ಈ ಕಡ್ಡಿ ಆಗತಿ ನೋಡು’ ಎಂದು ಮೇಜಿನ ಮೇಲೆ ಗ್ಲಾಸಿನಲ್ಲಿ ನಿಲ್ಲಿಸಿಟ್ಟಿದ್ದ ಬ್ರೆಡ್ಡಿನ ಸಣ್ಣ ಕಡ್ಡಿಯೊಂದನ್ನು ತೆಗೆದು ಟಕ್ಕನೆ ಮುರಿದು ಬಾಯಿಗೆ ಹಾಕಿಕೊಂಡರು. ಎಲ್ಲರೂ ನಕ್ಕೆವು. ನಾನು ನೀರು ಕುಡಿದೆ. ನೀರಿಗೆ ಯಾವ ಸಂಬಂಧವೂ ಅಂಟುವುದಿಲ್ಲ.

ಏನೇನು ಬಂತೆಂದು ಬರೆಯುತ್ತೇನೆ, ಹೆಸರುಗಳನ್ನು ಜಯಶೀಲ ಹೇಳಿಕೊಟ್ಟಳು. ಮೊದಲು ಕಾಯಿಪಲ್ಲೆಯ ತಿಳಿ ಸಾರು, ಅದರಲ್ಲಿ ಗೋಧಿಹಿಟ್ಟಿನ ಸಣ್ಣ ಸಣ್ಣ ಚಿಪ್ಪು. ಮದುವೆ ಗೊತ್ತಾದ ಮನೆಯಲ್ಲಿ ಮುತ್ತೈದೆಯರು ಕೂಡಿ ಕೂತು, ಬೆರಳ ತುದಿಯಿಂದ ಹೊಸೆದು ಹೊಸೆದು ಮೊರದ ಮೇಲೆ ಒಣಗಿಸುವ ಗವಲಿ ಇರುತ್ತದಲ್ಲ, ಥೇಟ್ ಅದೇ. ಪುಷ್ಪಾವತಿಬಾಯಿಗೂ ಅದೇ ಹೊಳೆಯಿತು. ಚಮಚದಲ್ಲಿ ಎತ್ತಿ ನನಗೆ ತೋರಿಸಿ, ‘ನೋಡು ಪಾರವ್ವಾ, ನಾವು ಕೂಡೂದಕ್ಕಿಂತ ಮೊದಲ ಇಟಲಿಯವರು ನಮ್ಮ ಮನಿ ಗವಲಿ ಹೊಸದಾರ’ ಎಂದರು. ಮಾತು ಎಷ್ಟು ಮುಂದೆ ಹೋಗಿದೆಯೆಂದು ಅಲ್ಲಿಗೆ ಸ್ಪಷ್ಟವಾಯಿತು. ಆಮೇಲೆ ಸ್ಪಗೆಟಿ, ಅದು ನಮ್ಮ ಶಾವಿಗೆಯ ಅಣ್ಣ, ಕೆಂಪು ಟೊಮೆಟೊ ಗೊಜ್ಜಿನಲ್ಲಿ. ಒಬ್ಬ ಗಿಣ್ಣಿನಂಥ ಗಟ್ಟಿ ಗಡ್ಡೆ ತಂದು ಪ್ರತಿಯೊಬ್ಬರ ತಟ್ಟೆಯ ಮೇಲೆ ಹೆರೆದ, ಇನ್ನೊಬ್ಬ ಒನಕೆಯಷ್ಟು ದೊಡ್ಡ ಕೋಲು ತಿರುವಿ ನಾಲ್ಕು ಕಾಳು ಮೆಣಸಿನ ಪುಡಿ ಉದುರಿಸಿದ. ಇಷ್ಟೇ ಪುಡಿಗೆ ಅಷ್ಟು ದೊಡ್ಡ ಕೋಲು ಯಾಕೋ. ಅದಾದ ಮೇಲೆ ಲಸಾನ್ಯಾ ಎಂದು ಪದರು ಪದರಾಗಿ ಹಾಲಿನ ಕೆನೆ ಹಾಕಿ ಬೇಯಿಸಿದ್ದು. ವಾಸನೆ ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ಖಾಲಿ ಹೊಟ್ಟೆ, ಬಾಯಲ್ಲಿ ನೀರು ಬಂತು. ಪಂಚಾಕ್ಷರಿ ಜಪಿಸಿದೆ.

ಜಯಶೀಲ ಉಂಡಳು. ಅದನ್ನು ನಿಮಗೆ ಹೇಗೆ ಬರೆಯಲಿ, ನೀವು ನೋಡಬೇಕಾಗಿತ್ತು. ಹಸಿರು ಇಳಕಲ್ ಉಟ್ಟಿದ್ದಳು, ನನ್ನ ಬೋರಮಾಳ ಹಾಕಿದ್ದಳು. ಮುಳ್ಳಿನ ಚಮಚಕ್ಕೆ ಆ ಉದ್ದ ಶಾವಿಗೆಯನ್ನು ಸುತ್ತಿ ಸುತ್ತಿ, ಒಂದೂ ಜಾರದ ಹಾಗೆ, ಹುಟ್ಟಿದಂದಿನಿಂದ ಅದನ್ನೇ ಉಂಡವಳಂತೆ. ಸಾಹುಕಾರರು ಏನಾದರೂ ಕೇಳಿದರೆ ಬಾಯಿ ಒರೆಸಿಕೊಂಡು ಉತ್ತರ ಕೊಡುತ್ತಿದ್ದಳು. ಎಕ್ಸ್‌ಚೇಂಜಿನಲ್ಲಿ ಒಬ್ಬ ಮುದುಕ ದಿನಾ ಟ್ರಂಕ್ ಕಾಲ್ ಬುಕ್ ಮಾಡಿ, ಆ ಕಡೆ ಹೆಂಡತಿ ಎತ್ತಿದ ಕೂಡಲೇ ಜಗಳ ಮಾಡಿ ಇಡುತ್ತಾನೆ ಎಂದು ಹೇಳಿ ಎಲ್ಲರನ್ನೂ ನಗಿಸಿದಳು. ಹಾಗೆ ಹೇಳುವಾಗ ಎರಡು ಸಲ ಬಸವಂತನ ಕಡೆ ನೋಡಿದಳು. ಅವಳಿಗೂ ಪದ್ಧತಿ ಗೊತ್ತು, ಇವಳು ಮುಂಬೈಯಲ್ಲಿ ಬೆಳೆದರೂ ನನ್ನ ಮಗಳು. ಬೇಡವಾಗಿದ್ದರೆ ತುತ್ತು ಮುಟ್ಟುತ್ತಿರಲಿಲ್ಲ. ಕಡೆಗೆ ಕಸಾಟಾ ಎಂದು ಬಣ್ಣ ಬಣ್ಣದ ಐಸ್‌ಕ್ರೀಮಿನ ತುಂಡು ಬಂದಾಗ, ನನ್ನ ಕಡೆ ಒಮ್ಮೆ ನೋಡಿ, ತಲೆ ತಗ್ಗಿಸಿ, ಮೊದಲ ಚಮಚ ಬಾಯಿಗೆ ಇಟ್ಟಳು. ಅದು ಬರೀ ತಿಂಡಿಯ ಆಸೆಯಲ್ಲ. ಮಗಳು ತನ್ನ ಮಾತನ್ನು ಹೇಳಿದ ರೀತಿ ಅದು.

ಉಣ್ಣುವವರ ಲಕ್ಷ್ಯ ತಟ್ಟೆಯ ಮೇಲಿರುತ್ತದೆ. ನನ್ನ ಮುಂದೆ ತಟ್ಟೆ ಖಾಲಿ, ಹಾಗಾಗಿ ನಾನು ಮಂದಿಯನ್ನು ನೋಡುತ್ತ ಕೂತೆ. ಅದಕ್ಕೇ ನನಗೊಬ್ಬಳಿಗೇ ಕಂಡಿತು. ಬಸವಂತ ಉಣ್ಣಲಿಲ್ಲ. ಸಾರಿನಲ್ಲಿ ಚಮಚ ಆಡಿಸಿದ, ಎತ್ತಲಿಲ್ಲ. ಶಾವಿಗೆಯನ್ನು ತಟ್ಟೆಯ ಈ ದಂಡೆಯಿಂದ ಆ ದಂಡೆಗೆ ಸರಿಸಿದ. ಲಸಾನ್ಯಾವನ್ನು ಸಣ್ಣ ಸಣ್ಣ ತುಂಡು ಮಾಡಿ ಸೊಪ್ಪಿನ ಕೆಳಗೆ ಮುಚ್ಚಿದ. ಬ್ರೆಡ್ಡಿನ ಕಡ್ಡಿ ಮುರಿದು ಮುರಿದು ಪುಡಿ ಮಾಡಿದ. ಅವನ ತಾಯಿ ಆ ಕಡೆ ನೋಡಿದಾಗಲೆಲ್ಲ ಬರೀ ಮುಳ್ಳಿನ ಚಮಚವನ್ನು ಬಾಯಿಗೆ ಒಯ್ದು ದವಡೆ ಆಡಿಸುತ್ತಿದ್ದ. ಕಸಾಟಾ ಅವನ ತಟ್ಟೆಯಲ್ಲಿ ಕರಗಿ ನೀರಾಗಿ ಹರಿಯಿತು. ಒಂದು ಹನಿ ಮುಟ್ಟಲಿಲ್ಲ. ಅನಾರೋಗ್ಯದವನು ಉಣ್ಣದೆ ಇರುವುದು ಬೇರೆ, ಹೊಟ್ಟೆ ನೋವು ಎಂದು ಹೇಳಿಬಿಡುತ್ತಾನೆ. ಇವನು ಉಂಡ ಹಾಗೆ ಮಾಡುತ್ತಿದ್ದ. ನಾನು ಯಾಕೆ ಉಪವಾಸ ಕೂತಿದ್ದೆನೋ ಅವನೂ ಅದಕ್ಕೇ ಕೂತಿದ್ದ.

ಎದ್ದು ಹೊರಗೆ ಬಂದಾಗ ಸಾಹುಕಾರರು ಯಾರೋ ಗುರುತಿನವರ ಸಂಗಡ ಮಾತಾಡುತ್ತ ಹಿಂದೆ ನಿಂತರು. ಪುಷ್ಪಾವತಿಬಾಯಿ ಜಯಶೀಲಳ ಕೈ ಹಿಡಿದು ಸಮುದ್ರ ತೋರಿಸಲು ಕಟ್ಟೆಯ ತನಕ ಕರೆದುಕೊಂಡು ಹೋದರು. ಕಾರಿನ ಹತ್ತಿರ ನಾನು, ಬಸವಂತ ಇಬ್ಬರೇ. ನನಗೆ ಮನಸ್ಸಿನಲ್ಲಿ ಇಟ್ಟುಕೊಳ್ಳಲು ಬರುವುದಿಲ್ಲ, ನಿಮಗೆ ಗೊತ್ತು. ‘ಯಾಕಪಾ, ಒಂದ ತುತ್ತೂ ಉಣಲಿಲ್ಲ?’ ಎಂದು ಕೇಳಿಯೇ ಬಿಟ್ಟೆ. ಮೊದಲು ಮರಾಠಿಯಲ್ಲಿ ಏನೋ ತಡವರಿಸಿದ, ಆಮೇಲೆ ನನ್ನ ಮುಖ ನೋಡಿ, ‘ನಿಮಗ ಯಾಕ ಉಪಾಸ ಕಾಕು, ನನಗೂ ಅದಕ್ಕ’ ಎಂದ. ‘ನನ್ನ ಮಗಳೊಳಗ ಏನ ಕಮ್ಮಿ ಐತಿ?’ ಎಂದೆ. ‘ಏನೂ ಇಲ್ಲ. ಅವರು ಭಾಳ ಛಲೋ ಅದಾರ. ನನ್ನ ಮನಸ ಬ್ಯಾರೆ ಕಡೆ ಐತಿ, ಎರಡ ವರ್ಷ ಆತು. ಅಪ್ಪಾರ ಮುಂದ ನನಗ ಹೇಳಾಕ ಆಗೂದಿಲ್ಲ. ನೀವ ಬ್ಯಾಡ ಅಂದರ ಇದು ಇಲ್ಲಿಗೇ ನಿಲ್ಲತೈತಿ.’ ನನಗೆ ಸಿಟ್ಟು ಬಂತು. ‘ಉಣದ ಕೂಡಾಕ ಧೈರ್ಯ ಐತಿ, ಬಾಯಿ ಬಿಡಾಕ ಇಲ್ಲೇನು?’ ಎಂದೆ. ಅವನು ಬೆಳೆದ ಗಂಡಸು, ಶಾಲೆಯಲ್ಲಿ ಮಾಸ್ತರರ ಮುಂದೆ ನಿಂತವನ ಹಾಗೆ, ‘ಇಲ್ಲ ಕಾಕು’ ಎಂದ. ಅಷ್ಟರಲ್ಲಿ ಹೆಂಗಸರು ತಿರುಗಿ ಬಂದರು. ಯಾರಿಗೂ ಹೇಳಬೇಡಿ ಎಂಬಂತೆ ಕೈ ಮುಗಿದ.

ಕಾರಿನಲ್ಲಿ ಜಯಶೀಲ ನನ್ನ ಹೆಗಲಿಗೆ ಒರಗಿದಳು. ಕುರ್ಲಾ ದಾಟಿದ ಮೇಲೆ ಮೆಲ್ಲಗೆ, ‘ಅವರು ಭಾಳ ಮಾತಾಡೂದಿಲ್ಲ, ಅಲ್ಲವ್ವಾ? ಕಮ್ಮಿ ಮಾತಿನವರು ಛಲೋ’ ಎಂದಳು. ನಾನು ಹೂಂ ಎಂದೆ. ಮತ್ತೆ, ‘ನೀ ಉಂಡಿದ್ದರ ಛಲೋ ಇತ್ತು’ ಎಂದಳು. ಅದಕ್ಕೆ ಹೂಂ ಎನ್ನಲಿಲ್ಲ. ಇವತ್ತು ಮುಂಜಾನೆ ನಮ್ಮ ಡಬ್ಬಿಯ ಶಾವಿಗೆಯನ್ನೇ ಬೇಯಿಸಿ, ಟೊಮೆಟೊ ಅರೆದು ಹಾಕಿ, ಮೇಲೆ ಅಮೂಲ್ ಚೀಸು ಹೆರೆದು ಡಬ್ಬಿಗೆ ತುಂಬಿಕೊಂಡಳು. ಜಿಗುಟು ಜಿಗುಟಾಗಿತ್ತು. ಆದರೂ ಹಾಡಿಕೊಳ್ಳುತ್ತ ಕಟ್ಟಿಕೊಂಡು ಹೋದಳು. ನಾನು ಬಾಗಿಲಲ್ಲಿ ನಿಂತು ಅವಳು ಓಣಿ ತಿರುಗುವ ತನಕ ನೋಡಿದೆ.

ಈಗ ನೀವೇ ಹೇಳಿರಿ. ಹೌದೆಂದರೆ ಮಗಳಿಗೆ ಭಿವಂಡಿಯ ದೊಡ್ಡ ಮನೆ, ಕಾರು, ಮಗಳ ಮಾತಿಗೆ ಮರ್ಯಾದೆ ಕೊಡುವ ಅತ್ತೆ ಮಾವ. ನಿಮಗೆ ಈ ವಯಸ್ಸಿನಲ್ಲಿ ಊರೂರು ತಿರುಗಿ ಮಗ್ಗ ಕೂಡಿಸುವುದು ತಪ್ಪುತ್ತದೆ. ಆದರೆ ಗಂಡ ಎನ್ನುವವನು ಮೊದಲ ದಿನದ ತಟ್ಟೆಯಲ್ಲೇ ಕೈ ಹಿಂದೆ ತೆಗೆದಿದ್ದಾನೆ. ಮದುವೆಯಾದ ಮೇಲೆ ಸರಿ ಹೋಗುತ್ತಾನೆ ಎನ್ನುವವರು ಇದ್ದಾರೆ. ನಾನೂ ನಿಮ್ಮ ಮುಖ ನೋಡದೆ ನಿಮ್ಮ ಮನೆಗೆ ಬಂದೆ, ಸರಿ ಹೋಯಿತು. ಆದರೆ ನಿಮ್ಮ ಮನಸ್ಸು ಬೇರೆ ಕಡೆ ಇರಲಿಲ್ಲ. ಇಲ್ಲವೆಂದರೆ ಸಾಹುಕಾರರ ಮುಖಕ್ಕೆ ಹೊಡೆದಂತೆ. ಏನು ಕಾರಣ ಹೇಳುವುದು? ಹುಡುಗನ ಮಾತು ಹೇಳಿದರೆ ಅಪ್ಪ ಮಗನನ್ನು ಏನು ಮಾಡುತ್ತಾರೋ, ಅವರ ಸಿಟ್ಟು ನೀವು ನೋಡಿದ್ದೀರಿ. ಮಗಳಿಗೆ ಏನು ಹೇಳುವುದು? ನಿನ್ನೆಯಿಂದ ಇದೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಲೆಯಲ್ಲಿ ಹೊರಳುತ್ತಿದೆ. ಜಪಮಣಿ ಹಿಡಿದರೆ ಎಣಿಕೆ ತಪ್ಪುತ್ತದೆ. ಮನೆಯ ಯಜಮಾನರು ನೀವು, ನಿಮ್ಮ ಮಾತಿನಂತೆ ನಡೆಯುತ್ತೇನೆ. ಪತ್ರ ಮುಟ್ಟಿದ ಕೂಡಲೇ ಉತ್ತರ ಬರೆಯಿರಿ.

ಕಾಶವ್ವನಿಗೆ, ಶೆಡ್ಡಿನ ಹುಡುಗರಿಗೆ ನನ್ನ ನೆನಪು ಹೇಳಿರಿ. ಚಳಿಗೆ ಕಿವಿ ಕಟ್ಟಿಕೊಳ್ಳಿರಿ. ಸಂಜೆಯ ಪೂಜೆಗೆ ವೇಳೆಯಾಯಿತು. ಶಿವನು ನಿಮ್ಮ ಬೆನ್ನಿಗಿರಲಿ.

ನಿಮ್ಮ
ಪಾರವ್ವ

ತಾ. ಕ. — ಬುಧವಾರ, ಅವಸರದಲ್ಲಿ ಬರೆಯುತ್ತಿದ್ದೇನೆ. ಈ ಕಾಗದ ಎರಡು ದಿನ ದೇವರ ಗೂಡಿನಲ್ಲೇ ಉಳಿಯಿತು. ನಿಮ್ಮ ಹೆಸರು ನಾನು ಬರೆಯುವುದಿಲ್ಲವಲ್ಲ, ಲಕೋಟೆಯ ಮೇಲಿನ ವಿಳಾಸ ಯಾವಾಗಲೂ ಜಯಶೀಲಳೇ ಬರೆಯುವುದು. ಇದನ್ನು ಅವಳ ಕೈಗೆ ಹೇಗೆ ಕೊಡಲಿ? ಇವತ್ತು ತಾರಾನಾಥರ ಹೆಂಡತಿ ಸುಗುಣಾ ಹತ್ತಿರ ಒಯ್ದೆ. ‘ಬರೆಯುವ ಮಾರಾಯ್ರೆ, ಆದರೆ ನೀವು ಹೆಸರು ಹೇಳದಿದ್ದರೆ ನಾನು ಬರೆಯುವುದಾದರೂ ಹೇಗೆ?’ ಎಂದು ನಕ್ಕಳು. ಹಳೆಯ ಲಕೋಟೆ ತೋರಿಸಿದೆ.

ಈಗ ಮುಖ್ಯ ಮಾತು. ನಿಮ್ಮ ಉತ್ತರಕ್ಕೆ ಕಾಯಲು ಆಗಲಿಲ್ಲ. ನಿನ್ನೆ ಮಧ್ಯಾಹ್ನ ಪುಷ್ಪಾವತಿಬಾಯಿ ಸೀರೆ, ಹೂವು, ಸಕ್ಕರೆ ಪುಡಿಕೆ ತೆಗೆದುಕೊಂಡು ಮನೆಗೇ ಬಂದರು. ಸಾಹುಕಾರರು ನಿಮಗೆ ಟ್ರಂಕ್ ಕಾಲ್ ಮಾಡಿದರಂತೆ, ‘ನಿಮ್ಮ ಇಚ್ಛಾ ಇದ್ದಂಗ’ ಎಂದು ನೀವು ಹೇಳಿದಿರಂತೆ. ನೀವು ಮತ್ತೇನು ಹೇಳುತ್ತೀರಿ, ಅದಕ್ಕೆ ನಿಮ್ಮ ಮೇಲೆ ನನಗೆ ಬೇಸರವಿಲ್ಲ. ಪುಡಿಕೆ ಬಿಚ್ಚಿ ಒಂದು ಚಿಟಿಕೆ ನನ್ನ ಬಾಯಿಯ ಹತ್ತಿರ ತಂದರು. ಮಂಗಳವಾರ, ಉಪವಾಸ ಎನ್ನಲೂ ಬರುವಂತಿರಲಿಲ್ಲ. ಅವರ ಕೈ ಹಿಡಿದು ಹೇಳಿದೆ, ‘ಅಕ್ಕಾ, ತಪ್ಪ ತಿಳೀಬ್ಯಾಡ್ರಿ. ಇಕಿ ತೊಟ್ಟಿಲದಾಗ ಇದ್ದಾಗ ನಮ್ಮವ್ವ ನನ್ನ ಕಡಿಂದ ಮಾತು ತಗೊಂಡಾಳ, ತೇರದಾಳದ ನನ್ನ ತಮ್ಮಗ ಮಗ ಹುಟ್ಟಿದರ ಇಕೀನ್ನ ಅವಗ ಕೊಡಬೇಕಂತ. ಹೆಂಗಸರ ನಡುವಿನ ಮಾತು, ಇವರಿಗೆ ಗೊತ್ತಿಲ್ಲ.’ ಸೋದರಮಾವನ ಮನೆಯ ಹಕ್ಕಿನ ಮಾತು ಬಂದ ಮೇಲೆ ನಮ್ಮವರಲ್ಲಿ ಯಾರೂ ಬಾಯಿ ತೆರೆಯುವುದಿಲ್ಲ, ಯಾರಿಗೂ ಅವಮಾನವೂ ಇಲ್ಲ. ‘ಮೊದಲ ಹೇಳಬೇಕಿತ್ತಲ್ಲ ಪಾರವ್ವಾ’ ಎಂದರು. ಸಕ್ಕರೆ, ಸೀರೆ ತಿರುಗಿ ಒಯ್ದರು. ಹೂವು ಬಿಟ್ಟು ಹೋದರು. ಸತ್ತ ನನ್ನ ಅವ್ವನ ಹೆಸರಿನಲ್ಲಿ ಸುಳ್ಳು ಹೇಳಿದೆ, ಅದನ್ನು ನಾನು ದೇವರ ಹತ್ತಿರ ನೋಡಿಕೊಳ್ಳುತ್ತೇನೆ. ನೀವು ಮಾಡಬೇಕಾದ್ದು ಇಷ್ಟು. ಇದು ಮುಟ್ಟಿದ ಮರುದಿನವೇ ತೇರದಾಳಕ್ಕೆ ಹೋಗಿ ನನ್ನ ತಮ್ಮನಿಗೆ ಹೇಳಿರಿ, ಸಾಹುಕಾರರ ಕಡೆಯವರು ಯಾರಾದರೂ ಕೇಳಿದರೆ ಹೌದು ಎನ್ನಲಿ. ನೀವೂ ಅದನ್ನೇ ಹೇಳಿರಿ.

ಜಯಶೀಲ ಡ್ಯೂಟಿಯಿಂದ ಬಂದು ಹೂವು ನೋಡಿದಳು. ಅವಳಿಗೂ ಅದನ್ನೇ ಹೇಳಿದೆ. ‘ಮಾವನ ಮಗ ಚನ್ನಪ್ಪಗ? ಅವ್ವಾ, ಆ ಹುಡುಗನ್ನ ನಾ ಕಂಕುಳಾಗ ಎತ್ತಿಕೊಂಡು ಆಡಿಸೀನಿ’ ಎಂದಳು. ಅದಾದ ಮೇಲೆ ನನ್ನ ಸಂಗಡ ಮಾತಿಲ್ಲ. ಅವ್ವ ತವರು ಮನೆಯ ಆಸೆಗೆ ತನ್ನನ್ನು ಕೊಟ್ಟುಬಿಟ್ಟಳು ಎಂದು ತಿಳಿದಿದ್ದಾಳೆ. ತಿಳಿದುಕೊಳ್ಳಲಿ. ಆ ಹುಡುಗ ನಿನ್ನನ್ನು ಬೇಡ ಎಂದ ಎಂದು ಹೇಳಲು ನನ್ನ ನಾಲಿಗೆ ಏಳುವುದಿಲ್ಲ. ಅವ್ವನ ಮೇಲಿನ ಸಿಟ್ಟು ಒಂದು ದಿನ ಇಳಿಯುತ್ತದೆ, ಬೇಡ ಎನಿಸಿಕೊಂಡ ನೋವು ಇಳಿಯುವುದಿಲ್ಲ. ಸರಿ ಮಾಡಿದೆನೋ ಇಲ್ಲವೋ ನನಗೆ ತಿಳಿಯುತ್ತಿಲ್ಲ.

ಇದಕ್ಕೆ ನೀವು ಬರೆಯುವ ಉತ್ತರವನ್ನು ಎಂದಿನಂತೆ ಗೋಡೌನಿನ ಟಪಾಲಿನಲ್ಲಿ ಹಾಕಬೇಡಿರಿ, ಅಲ್ಲಿ ಒಡೆದು ನೋಡುತ್ತಾರೆ. ತಾರಾನಾಥರ ಹೋಟೆಲಿನ ವಿಳಾಸಕ್ಕೆ ಕಳಿಸಿರಿ, ಲಕೋಟೆಯ ಮೇಲೆ ನನ್ನ ಹೆಸರು ಬೇಡ, ಜಯಶೀಲಳ ಹೆಸರು ಬರೆಯಿರಿ. ಒಳಗೆ ಬಸವಂತನ ಮಾತು ಒಂದಕ್ಷರವೂ ಬೇಡ. ತಂದೆಯಾಗಿ ಮಗಳಿಗೆ ಏನು ಹೇಳಬೇಕೋ ಅದನ್ನು ಬರೆಯಿರಿ. ಪತ್ರ ಬಂದಿದೆಯೆಂದು ಸುಗುಣಾ ಹೇಳಿಕಳಿಸಿದ ದಿನ ತರಲು ಜಯಶೀಲಳನ್ನೇ ಕಳಿಸುತ್ತೇನೆ. ಅಲ್ಲೇ ಒಂದು ಕಪ್ ಚಹಾ ತೆಗೆದುಕೊಂಡು ಕೂತು ಓದಲಿ. ಮನೆಗೆ ಬಂದ ಮೇಲೆ ಅಪ್ಪ ಏನು ಬರೆದಿದ್ದಾರೆಂದು ನಾನು ಕೇಳುವುದಿಲ್ಲ.